ಒಂದು ಚೌಕ, ಎರಡು ಗೀಟು

ಆ ಶುಕ್ರವಾರ ಬೆಳಿಗ್ಗೆಯೂ ಡಿಕಾಕ್ಷನ್ ನಿಧಾನವಾಗಿ ಇಳಿಯುತ್ತಿತ್ತು. ಫಿಲ್ಟರಿನ ಮೇಲಿನ ಬಟ್ಟಲನ್ನು ಚಮಚದ ಹಿಡಿಯಿಂದ ಎರಡು ಸಲ ತಟ್ಟಿ, ಅಷ್ಟರಲ್ಲಿ ಮಗಳ ಜಡೆ ಹೆಣೆದೆ. ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಬೆಳಗಿನ ನೀರು ಬೇಗ ನಿಂತುಬಿಡುತ್ತಿತ್ತು. ನಲ್ಲಿ ಕೊನೆಯ ಸಲ ಕೆಮ್ಮಿ ಸುಮ್ಮನಾಗುವ ಹೊತ್ತಿಗೆ ಡ್ರಮ್ಮು ತುಂಬಿ, ಮೇಲೆ ತಟ್ಟೆ ಮುಚ್ಚಿ ಆಗಿರಬೇಕು. ಆಗಿತ್ತು. ಯಜಮಾನರು ಚರ್ಚ್‌ಗೇಟಿನ ಫಾಸ್ಟ್ ಲೋಕಲ್ ರೈಲು ಹಿಡಿಯಲು ಹೊರಟುಹೋಗಿದ್ದರು. ಅವರ ಲೋಟದ ತಳದಲ್ಲಿ ಎಂದಿನಂತೆ ಒಂದು ಗುಟುಕು ಕಾಫಿ ಉಳಿದಿತ್ತು. ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಬಂದು, ಸೀರೆ ಬದಲಿಸಿ, ಬಾಗಿಲಿಗೆ ಬೀಗ ಹಾಕಿ ಎದುರುಮನೆಯ ಗಂಟೆ ಒತ್ತಿದೆ.

ಎದುರುಮನೆಯವರು ಧಾರವಾಡದ ಕಡೆಯವರು. ಅವರನ್ನು ನಾನು ವೈನಿ ಎನ್ನುತ್ತಿದ್ದೆ, ನನ್ನನ್ನು ಅವರು ಮೈಸೂರ ಬಾಯಾರ ಎನ್ನುತ್ತಿದ್ದರು. ಪಾತ್ರೆ ತೊಳೆಯುವಾಕೆ ನಾನು ಹೋದಮೇಲೆ ಬರುವುದರಿಂದ ನಮ್ಮ ಮನೆ ಕೀಲಿ ಅವರಲ್ಲಿ ಇರಬೇಕಿತ್ತು. ಮಧ್ಯಾಹ್ನ ಶಾಲೆಯಿಂದ ಬಂದ ಮಗಳೂ ನಾನು ಬರುವವರೆಗೆ ಅವರಲ್ಲೇ. ಅವರ ಬಾಗಿಲ ಹಿಂದೆ ಇದ್ದದ್ದು ಒಂದೇ ಮೊಳೆ. ಅವರ ಮನೆಯ ಕೀಲಿ, ಸ್ಕೂಟರಿನದು, ಕಪಾಟಿನದು, ನಮ್ಮದು, ಎಲ್ಲವೂ ಅದಕ್ಕೇ.

"ನಿನ್ನೆ ನಮ್ಮವರು ಸ್ಕೂಟರ್ ಕೀಲಿ ಅಂತ ನಿಮ್ಮದನ್ನ ತೊಗೊಂಡು ಕೆಳಗ ಹೋಗಿದ್ರು ನೋಡ್ರಿ," ಎಂದರು ವೈನಿ, ಕೀಲಿಯನ್ನು ಆ ಗೊಂಚಲಿಗೆ ಸೇರಿಸುತ್ತ. "ಮೂರು ಮಜಲಾ ಮತ್ತ ಹತ್ತಿ ಬಂದ್ರು. ಮಾರಿ ನೋಡಬೇಕಿತ್ತು ಅವರದು." ಆಮೇಲೆ ದಿನವೂ ಕೇಳುವುದನ್ನೇ ಕೇಳಿದರು. "ಇವತ್ತೂ ಹೊಂಟೀರೇನ್ರಿ?"

ಆ 'ಇವತ್ತೂ' ಎನ್ನುವುದರಲ್ಲಿ ಕೊಂಕೇನೂ ಇರಲಿಲ್ಲ. ಆದರೆ ಆ ದಿನ ಅದು ಸ್ವಲ್ಪ ಚುಚ್ಚಿತು. ಸೋಮವಾರ ಹೋಗುತ್ತೇನೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಪರೇಲಿನಲ್ಲಿ, ಒಂದು ಗಿರಣಿಯ ಹಿಂಗೋಡೆಗೆ ಒತ್ತಿಕೊಂಡಂತಿದ್ದ ಕಟ್ಟಡದ ಎರಡು ಕೋಣೆಗಳಲ್ಲಿ ನಮ್ಮ ಕಂಪ್ಯೂಟರ್ ಆಫೀಸು. ಪ್ರೋಗ್ರಾಂ ಬರೆಯುವ ಕೆಲಸ. ಅಲ್ಲಿ ನಾನೊಬ್ಬಳೇ ಅರ್ಧ ದಿನದವಳು. ಮಗಳು ಶಾಲೆಗೆ ಸೇರಿದ ಮೇಲೆ ಕಲಿತ ವಿದ್ಯೆ, ಸಿಕ್ಕಿದ ಕೆಲಸ. ಎರಡರ ಮೇಲೂ ಪ್ರೀತಿ ಬೆಳೆದಿತ್ತು. ಮ್ಯಾನೇಜರರು ಆ ವಾರದ ಮೊದಲಿಗೇ ತಮ್ಮ ಮೆತ್ತನೆಯ ಇಂಗ್ಲಿಷಿನಲ್ಲಿ ಹೇಳಿಬಿಟ್ಟಿದ್ದರು: ನಾವು ಒಂದು ಆಸ್ಪತ್ರೆಗೆಂದು ಮಾಡುತ್ತಿದ್ದ ಕಂಪ್ಯೂಟರ್ ಸ್ಕ್ರೀನನ್ನು ಶುಕ್ರವಾರ ಅಲ್ಲಿನ ಸಿಸ್ಟರ್ ಒಪ್ಪಿದರೆ ಸರಿ, ಇಲ್ಲವಾದರೆ ಈ ಕೆಲಸ ಫೋರ್ಟ್ ಪ್ರದೇಶದ ನಮ್ಮ ಇನ್ನೊಂದು ಆಫೀಸಿನ ಪೂರ್ತಿ ದಿನದವರಿಗೆ ಹೋಗುತ್ತದೆ. ಆಮೇಲೆ ಅರ್ಧ ದಿನದವರಿಗೆ ಕೊಡಲು ತಮ್ಮಲ್ಲಿ ಬೇರೇನೂ ಇಲ್ಲ. ಅವರು ಬೈದಿದ್ದರೆ ಎದುರಾಡಬಹುದಿತ್ತು. ಅವರು ನನಗೊಂದು ಚಹಾ ತರಿಸಿದರು, ಅದು ಮುಂದಿದ್ದಂತೆಯೇ ಆರಿಹೋಯಿತು.

ಆಸ್ಪತ್ರೆಯೂ ಪರೇಲಿನದೇ, ಒಂದು ಧರ್ಮಾಸ್ಪತ್ರೆ. ಅದರ ಔಷಧಿ ಸ್ಟೋರನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಮಂಗಳೂರು ಕಡೆಯ ಕ್ರೈಸ್ತ ಸನ್ಯಾಸಿನಿ. ವಾರ್ಡುಗಳಿಂದ ದಿನವೂ ಔಷಧಿಯ ಪಟ್ಟಿ ಬರುತ್ತಿತ್ತು. ಒಬ್ಬ ಹೆಂಗಸು ಪಟ್ಟಿ ಹಿಡಿದು ಕಪಾಟಿನಿಂದ ಔಷಧಿ ತೆಗೆದು ಬುಟ್ಟಿಗೆ ಹಾಕುವಳು, ಹಾಕಿದ ಸಾಲಿನ ಎದುರಿನ ಚೌಕದಲ್ಲಿ ಒಂದು ಓರೆ ಗೀಟು ಎಳೆಯುವಳು. ಬಳಿಕ ಸಿಸ್ಟರ್ ಬುಟ್ಟಿಯಲ್ಲಿರುವುದನ್ನು ಒಂದೊಂದಾಗಿ ಎತ್ತಿ ನೋಡಿ, ಸರಿಯಿದ್ದರೆ ಆ ಗೀಟಿನ ಮೇಲೆ ಅಡ್ಡಲಾಗಿ ಇನ್ನೊಂದು ಗೀಟು. ಎರಡೂ ಸೇರಿ ಕತ್ತರಿ. ಕತ್ತರಿ ಬೀಳದ ಸಾಲು ಇರುವವರೆಗೆ ಬುಟ್ಟಿ ಬಾಗಿಲು ದಾಟುವಂತಿಲ್ಲ.

ಮೊದಲ ಸಲ ಇದನ್ನು ನೋಡಿದಾಗ ನನಗೆ ಆದ ಸಂತೋಷ ಹೇಳತೀರದು. ನಮ್ಮ ಕಾನ್ವೆಂಟಿನ ಹಾಜರಿ ಪುಸ್ತಕದಲ್ಲಿ ಇದೇ ಗುರುತು. ಬೆಳಿಗ್ಗೆ ಹಾಜರಿದ್ದರೆ ಒಂದು ಓರೆ ಗೀಟು, ಮಧ್ಯಾಹ್ನವೂ ಇದ್ದರೆ ಮೇಲೊಂದು. ಊಟಕ್ಕೆ ಮನೆಗೆ ಹೋದವಳು ತಿರುಗಿ ಬರದಿದ್ದರೆ ಅವಳ ಹೆಸರಿನ ಮುಂದೆ ಒಂಟಿ ಗೀಟು ವರ್ಷವಿಡೀ ನಿಂತಿರುತ್ತಿತ್ತು.

"ಕಂಪ್ಯೂಟರಿನಲ್ಲಿ ಇದೇ ಗುರುತು ಬರ್ತದಾ? ಇದೇ ಚೌಕದಲ್ಲಿ?" ಎಂದು ಸಿಸ್ಟರ್ ಕೇಳಿದರು.

"ಎಸ್ ಸಿಸ್ಟರ್," ಎಂದೆ. ಯೋಚಿಸಿ ಹೇಳಿದ ಮಾತಲ್ಲ. ಬಿಳಿಯ ನಿಲುವಂಗಿಯವರು ಕೇಳಿದ ಯಾವ ಪ್ರಶ್ನೆಗೂ ಹತ್ತು ವರ್ಷ ಅದೊಂದೇ ಉತ್ತರ ಕೊಟ್ಟ ಬಾಯಿ ಅದು. ಜೊತೆಯಲ್ಲಿದ್ದ ನನ್ನ ಸಹೋದ್ಯೋಗಿ ನನ್ನ ಮುಖ ನೋಡಿದ. ಮಾಟುಂಗದಲ್ಲಿ ಹುಟ್ಟಿ ಬೆಳೆದ ಎಂಜಿನಿಯರ್, ಉಡುಪಿ ಹೋಟೆಲಿನ ಮನೆತನದವನು. ಕನ್ನಡ ಅರ್ಧ, ಹಿಂದಿ ಅರ್ಧ. ಹೊರಗೆ ಬಂದ ಮೇಲೆ, "ಮೇಡಮ್, ಟೂಲ್‌ಕಿಟ್ಟನ್ನು ಒಂದು ಸಲ ಕೇಳಿ ಹೇಳಬೇಕಿತ್ತಲ್ಲಾ," ಎಂದ.

ಟೂಲ್‌ಕಿಟ್ ಎಂದರೆ ಸ್ಕ್ರೀನಿನ ಮೇಲಿನ ಗುಂಡಿ, ಚೌಕ, ಪಟ್ಟಿಗಳನ್ನು ಸಿದ್ಧವಾಗಿ ಕೊಡುವ ಪೆಟ್ಟಿಗೆ. ಅದರೊಳಗಿನ ಒಂದೊಂದು ಸಿದ್ಧವಸ್ತುವಿಗೆ ವಿಜೆಟ್ ಎಂದು ಹೆಸರು. ನಮ್ಮದು ಹೊರದೇಶದಿಂದ ಬಂದದ್ದು. ಇಟ್ಟಿಗೆಯಷ್ಟು ದಪ್ಪದ ಮ್ಯಾನುಯಲ್‌ಗಳು ಜೊತೆಗಿದ್ದವು. ಒಳಗಿನ ಕೋಡು ಮಾತ್ರ ನಮಗೆ ಕೊಟ್ಟಿರಲಿಲ್ಲ. ಅದರಲ್ಲಿದ್ದ ಚೌಕಕ್ಕೆ ಎರಡೇ ಸ್ಥಿತಿ, ಹೌದು ಮತ್ತು ಇಲ್ಲ. ಬೇಕಿದ್ದರೆ 'ಹೌದು' ಎನ್ನುವುದಕ್ಕೆ ನಮ್ಮದೇ ಒಂದು ಪುಟ್ಟ ಚಿತ್ರ ಕೊಡಬಹುದಿತ್ತು. ನಮಗೆ ಬೇಕಿದ್ದದ್ದು ಮೂರು ಸ್ಥಿತಿ: ಖಾಲಿ, ಒಂಟಿ ಗೀಟು, ಕತ್ತರಿ.

ಮ್ಯಾನುಯಲ್‌ನಲ್ಲಿ ಅದಕ್ಕೂ ದಾರಿ ಇತ್ತು. ಸಿದ್ಧ ವಿಜೆಟನ್ನು ತಾಯಿಯಾಗಿಟ್ಟುಕೊಂಡು ನಿಮ್ಮದೇ ಹೊಸದನ್ನು ಮಾಡಿಕೊಳ್ಳಿ. ಬೇರೆಯಾಗಿ ಬೇಕಾದಷ್ಟನ್ನು ಮಾತ್ರ ಬರೆಯಿರಿ, ಉಳಿದದ್ದೆಲ್ಲ ತಾನಾಗಿ ಬರುತ್ತದೆ. ನಾನು ಚಿತ್ರ ಬಿಡಿಸುವ ಭಾಗವನ್ನಷ್ಟೇ ಬದಲಿಸಿ ಬರೆದೆ. ಮಧ್ಯಾಹ್ನದೊಳಗೆ ಚೌಕದಲ್ಲಿ ಗೀಟು ಮೂಡಿತು. ಇನ್ನೊಮ್ಮೆ ಮೌಸ್ ಒತ್ತಿದರೆ ಕತ್ತರಿ ಮೂಡಬೇಕು. ಚೌಕ ಖಾಲಿಯಾಯಿತು.

ಯಾಕೆಂದು ತಿಳಿಯಲು ಎರಡು ದಿನ ಬೇಕಾದವು. ಮೌಸ್ ಒತ್ತಿದೊಡನೆ ಹಳೆಯ ವಿಜೆಟ್ ತನ್ನ ಹೌದು–ಇಲ್ಲವನ್ನು ಮೊದಲು ತಾನು ಬದಲಿಸಿಕೊಂಡು ಆಮೇಲೆ ನಮಗೆ ಹೇಳುತ್ತಿತ್ತು. ಎರಡನೆಯ ಸಲ ಒತ್ತಿದರೆ ಅದರ ಪಾಲಿಗೆ 'ಇಲ್ಲ'. ಸರಿ, ಅದರ ಲೆಕ್ಕ ಅದಕ್ಕಿರಲಿ ಎಂದು ನಾವು ಬೇರೆಯೇ ಒಂದು ಎಣಿಕೆ ಇಟ್ಟುಕೊಂಡೆವು. ಈಗ ಒಂದೇ ಚೌಕದೊಳಗೆ ಎರಡು ಲೆಕ್ಕ ನಡೆಯತೊಡಗಿತು. ಬೇರೆ ಕಿಟಕಿಯೊಂದು ಚೌಕವನ್ನು ಮುಚ್ಚಿ ಸರಿದರೆ ಅದು ತನ್ನ ಲೆಕ್ಕದಂತೆ ಬರೆದುಕೊಳ್ಳುವುದು. ಅದನ್ನು ತಡೆದೆವು. ಮೌಸ್ ಬಿಟ್ಟು ಸ್ಪೇಸ್‌ಬಾರ್ ಒತ್ತಿದರೆ ನಮ್ಮ ಕೋಡಿನ ಕಡೆಗೆ ಬರದೆ ಒಳಗಿನ ಇನ್ಯಾವುದೋ ಓಣಿಯಿಂದ ಹೋಗಿಬಿಡುವುದು. ಅದಕ್ಕೂ ಒಂದು ಅಡ್ಡಗಟ್ಟೆ ಹಾಕಿದೆವು.

"ಕಿತನಾ ಜಿದ್ದಿ ಇದು ಮೇಡಮ್," ಎಂದ ಸಹೋದ್ಯೋಗಿ. "ನಮ್ಮ ಅಜ್ಜಿ ಹಾಗೆ. ಹೂಂ ಹೂಂ ಅಂತ ಹೇಳ್ತದೆ, ಮತ್ತೆ ಅದಕ್ಕೆ ಬೇಕಾದ್ದೇ ಮಾಡ್ತದೆ."

ನನಗೆ ಹೊಸದಾಗಿ ಸೊಸೆಯಾಗಿ ಹೋದ ದಿನಗಳ ಅಡುಗೆಮನೆ ನೆನಪಿಗೆ ಬರುತ್ತಿತ್ತು. ಅತ್ತೆಯವರು ಒಳ್ಳೆಯವರು. ನಿನಗೆ ಹೇಗೆ ಬೇಕೋ ಹಾಗೆ ಇಟ್ಟುಕೋ ಎಂದಿದ್ದರು. ಉಪ್ಪಿನ ಜಾಡಿಯನ್ನು ನಾನು ಒಲೆಯ ಬಲಕ್ಕೆ ಇಟ್ಟೆ. ಮನೆಯಲ್ಲಿದ್ದವರ ಕೈಯೆಲ್ಲ ಎಡಕ್ಕೇ ಹೋಗುತ್ತಿತ್ತು, ಎಡದಲ್ಲಿದ್ದ ಸಕ್ಕರೆ ಸಾರಿಗೆ ಬೀಳುತ್ತಿತ್ತು. ಯಾರದೂ ತಪ್ಪಲ್ಲ. ಜಾಡಿಯನ್ನು ಸರಿಸಬಹುದು, ಜಾಡಿ ಎಲ್ಲಿದೆ ಎಂದು ನಂಬಿಕೊಂಡ ಕೈಗಳು ಎಷ್ಟಿವೆ ಎಂಬುದು ಸಕ್ಕರೆ ಬಿದ್ದ ಮೇಲೆಯೇ ತಿಳಿಯುವುದು. ಆ ಸಿದ್ಧ ವಿಜೆಟಿನ ಕಷ್ಟವೂ ಅದೇ. ಅದು ಏನು ಮಾಡುತ್ತದೆ ಎಂದು ಮ್ಯಾನುಯಲ್ ಹೇಳುತ್ತಿತ್ತು. ಅದರೊಳಗೆ ಯಾರು ಯಾರನ್ನು ನೆಚ್ಚಿಕೊಂಡಿದ್ದಾರೆ ಎಂದು ಎಲ್ಲೂ ಬರೆದಿರಲಿಲ್ಲ.

ಮೂರನೆಯ ವಾರದ ಕೊನೆಗೆ ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ಸ್ಕ್ರೀನ್ ಹಾಕಿದೆವು. ಅರ್ಧ ಬೆಳಗು ಚೆನ್ನಾಗಿಯೇ ನಡೆಯಿತು. ಔಷಧಿ ತೆಗೆಯುವ ಹೆಂಗಸು ಮೌಸನ್ನು ಇಸ್ತ್ರಿಪೆಟ್ಟಿಗೆಯಂತೆ ಒತ್ತಿ ಹಿಡಿದು ಓಡಿಸುತ್ತಿದ್ದಳು. ಮಕ್ಕಳ ವಾರ್ಡಿನ ಬುಟ್ಟಿ ತುಂಬಿತು. ಸ್ಕ್ರೀನಿನ ಮೇಲೆ ಎಲ್ಲ ಸಾಲಿಗೂ ಕತ್ತರಿ ಕಂಡಿತು. ವಾರ್ಡಿನಿಂದ ಬಂದವಳು ಬುಟ್ಟಿ ಎತ್ತಿಕೊಂಡು ಹೊರಟಳು. ಸಿಸ್ಟರ್ ಆಗ ತಾನೇ ಚಾಪೆಲ್‌ನಲ್ಲಿ ಪ್ರಾರ್ಥನೆ ಮುಗಿಸಿ ಬರುತ್ತಿದ್ದವರು ಬಾಗಿಲಲ್ಲೇ ಅವಳನ್ನು ನಿಲ್ಲಿಸಿದರು. ತಾವು ನೋಡಿರದ ಬುಟ್ಟಿ ಹೊರಗೆ ಹೋಗುತ್ತಿದೆ ಎಂಬುದು ಅವರಿಗೆ ಗೊತ್ತಿತ್ತು. ಮೇಲಿನ ಬಟ್ಟೆ ಸರಿಸಿ ನೋಡಿದರೆ ಒಂದು ಶೀಶೆ ಮಕ್ಕಳದಲ್ಲ, ದೊಡ್ಡವರಿಗೆ ಕೊಡುವ ಅಳತೆಯದು.

ಯಾರಿಗೂ ಏನೂ ಆಗಲಿಲ್ಲ.

ಸಿಸ್ಟರ್ ದನಿ ಏರಿಸಲಿಲ್ಲ. ನನ್ನನ್ನು ಸ್ಕ್ರೀನಿನ ಮುಂದೆ ಕರೆದು, "ನೋಡಿ, ಇಲ್ಲಿ ನನ್ನ ಗೀಟು ಉಂಟು. ನಾನು ಎಳೀಲಿಲ್ಲ," ಎಂದರು. ಹಳೆಯ ಕಾಗದದ ಪಟ್ಟಿಯೊಂದನ್ನು ಪಕ್ಕದಲ್ಲಿಟ್ಟು, "ಕಾಗದದಲ್ಲಿ ಯಾರೂ ಎಳೆಯದೆ ಗೀಟು ಬರುವುದಿಲ್ಲ ಅಲ್ವಾ?" ಎಂದರು.

ಆಫೀಸಿಗೆ ಮರಳಿ ಹುಡುಕಿದೆವು. ಪಟ್ಟಿ ಉದ್ದವಾಗಿದ್ದಾಗ ಅದನ್ನು ಮೇಲೆ ಕೆಳಗೆ ಸರಿಸಬೇಕಲ್ಲ, ಹಾಗೆ ಸರಿಸಿದಾಗ ಹಳೆಯ ವಿಜೆಟ್ ತನ್ನ ಚೌಕಗಳಿಗೆಲ್ಲ 'ನೀನು ಹೌದು, ನೀನು ಇಲ್ಲ' ಎಂದು ಇನ್ನೊಮ್ಮೆ ಜ್ಞಾಪಿಸುತ್ತಿತ್ತು. ನಮ್ಮ ಕೋಡು ಆ ಜ್ಞಾಪನೆಯನ್ನು ಎರಡನೆಯ ಕ್ಲಿಕ್ ಎಂದುಕೊಂಡು ಒಂಟಿ ಗೀಟನ್ನು ಕತ್ತರಿ ಮಾಡಿಬಿಟ್ಟಿತ್ತು. ಅದಕ್ಕೂ ತೇಪೆ ಹಾಕಬಹುದಿತ್ತು. ಆದರೆ ಇನ್ನೂ ಎಷ್ಟು ಓಣಿಗಳಿವೆ ಎಂದು ಹೇಳಬಲ್ಲವರು ಯಾರು? ಟೂಲ್‌ಕಿಟ್ ಮಾರಿದವರಿಗೆ ಫ್ಯಾಕ್ಸ್ ಕಳಿಸಿದೆವು. ಚೌಕವನ್ನು ಹಾಗೆ ಬೆಳೆಸುವುದಕ್ಕೆ ತಮ್ಮ ಬೆಂಬಲವಿಲ್ಲ ಎಂದು ವಿನಯದಿಂದ ಬರೆದರು. ಸಹೋದ್ಯೋಗಿಯ ಸಲಹೆ, ತಾಯಿ ವಿಜೆಟೇ ಬೇಡ, ಎಲ್ಲವನ್ನೂ ಮೊದಲಿನಿಂದ ನಾವೇ ಬರೆಯೋಣ ಎಂದು. ಮೌಸು, ಕೀಬೋರ್ಡು, ಮಸುಕಾಗುವುದು, ಮುಚ್ಚಿ ತೆರೆಯುವುದು, ಎಲ್ಲವನ್ನೂ. ಅದಕ್ಕೆ ತಿಂಗಳುಗಟ್ಟಲೆ ಬೇಕು. ಮ್ಯಾನೇಜರರು ಕೊಟ್ಟದ್ದು ಶುಕ್ರವಾರದವರೆಗೆ.

ಹೀಗೆ ಆ ಶುಕ್ರವಾರ ಬಂದಿತ್ತು.

ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮಲಾಡ್ ದಾಟಿದ ಮೇಲೆ ಕೂರಲು ಜಾಗ ಸಿಕ್ಕಿತು. ಎದುರಿಗಿದ್ದಾಕೆ ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹರಡಿಕೊಂಡು ಗೋರಿಕಾಯಿಯ ನಾರು ತೆಗೆಯುತ್ತಿದ್ದಳು, ಸಂಜೆಯ ಪಲ್ಯಕ್ಕೆ. ಪಕ್ಕದವಳೂ ಸುಮ್ಮನೆ ಕೂರಲಾರದೆ ಒಂದು ಹಿಡಿ ತೆಗೆದುಕೊಂಡು ಮುರಿಯತೊಡಗಿದಳು. ನಾನು ಅಂಗೈ ಮೇಲೆ ಬೆರಳಿನಿಂದ ಗೀಟು ಎಳೆದುಕೊಳ್ಳುತ್ತಿದ್ದೆ. ಒಂದು ಗೀಟು, ಅದರ ಮೇಲೊಂದು. ಪ್ರತಿ ಸಲವೂ ನಡುವೆ ಬೆರಳು ಎತ್ತಬೇಕಾಗುತ್ತಿತ್ತು.

ಹಾಗೆ ಎತ್ತಿದಾಗಲೇ ಹಾಜರಿ ಪುಸ್ತಕ ಕಣ್ಣಿಗೆ ಕಟ್ಟಿತು. ಬೆಳಗಿನ ಗೀಟು ನೀಲಿ ಶಾಯಿಯದು, ಮೊದಲ ಪೀರಿಯಡ್ಡಿಗೆ ಬರುವ ಸಿಸ್ಟರ್ ಎಳೆಯುತ್ತಿದ್ದದ್ದು. ಮಧ್ಯಾಹ್ನದ್ದು ಪೆನ್ಸಿಲಿನದು, ಹೊಲಿಗೆ ಟೀಚರ್ ಎಳೆಯುತ್ತಿದ್ದದ್ದು, ಸ್ವಲ್ಪ ಗಿಡ್ಡ. ಕತ್ತರಿ ಎಂಬುದು ಯಾರೊಬ್ಬರೂ ಎಳೆದ ಗುರುತೇ ಅಲ್ಲ. ಇಬ್ಬರು, ಎರಡು ಹೊತ್ತಿನಲ್ಲಿ, ತಮ್ಮ ತಮ್ಮ ಗೀಟು ಎಳೆದುಹೋದಾಗ ಉಳಿದ ಆಕಾರ ಅದು. ಆಸ್ಪತ್ರೆಯಲ್ಲೂ ಹಾಗೇ. ತೆಗೆಯುವವಳದು ಒಂದು 'ಹೌದು', ಸಿಸ್ಟರದು ಇನ್ನೊಂದು 'ಹೌದು'. ಮೂರು ಸ್ಥಿತಿ ಎಲ್ಲೂ ಇರಲಿಲ್ಲ. ಇಬ್ಬರ ಮಾತನ್ನು ಒಂದು ಚೌಕದ ಬಾಯಲ್ಲಿ ಹೇಳಿಸಲು ಮೂರು ವಾರ ಒದ್ದಾಡಿದ್ದೆವು.

ಆಫೀಸಿಗೆ ಹೋದವಳೇ ಚಪ್ಪಲಿ ಕೂಡ ಬಿಡದೆ ಸಹೋದ್ಯೋಗಿಗೆ ಹೇಳಿದೆ. ಸಾಲಿಗೆ ಎರಡು ಚೌಕ, ಎರಡೂ ಟೂಲ್‌ಕಿಟ್ಟಿನವೇ, ಹೇಗೆ ಬಂದಿದೆಯೋ ಹಾಗೇ. ಎಡದ್ದಕ್ಕೆ ಬಲಕ್ಕೆ ವಾಲಿದ ಗೀಟಿನ ಚಿತ್ರ, ಬಲದ್ದಕ್ಕೆ ಎಡಕ್ಕೆ ವಾಲಿದ ಗೀಟಿನದು. ಎಡದ್ದು ತುಂಬುವವರೆಗೆ ಬಲದ್ದು ಮಸುಕಾಗಿರಲಿ, ಒತ್ತಿದರೂ ಏಳಬಾರದು. ಇದಿಷ್ಟನ್ನೂ ಟೂಲ್‌ಕಿಟ್ ತಾನೇ ಮಾಡಿಕೊಡುತ್ತದೆ.

ಅವನು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದ. "ಮತ್ತೆ ನಮ್ಮ ಕೋಡ್? ತೀನ್ ಹಫ್ತೆ ಮೇಡಮ್."

"ಇಲ್ಲಿ ಅದು ಬೇಡ."

"ಕತ್ತರಿ ಬರೋದಿಲ್ಲ ಆದ್ರೆ. ಅಗಲ್‌ಬಗಲ್ ಬರ್ತದೆ, ಪಕ್ಕಪಕ್ಕ. ಸಿಸ್ಟರಿಗೆ ನೀವು ಪ್ರಾಮಿಸ್ ಮಾಡಿದ್ದು ಕತ್ತರಿ."

"ಅದನ್ನು ನಾನೇ ಹೇಳ್ತೀನಿ. ನೀನು ಚಿತ್ರ ಬಿಡಿಸು."

ಅವನು ಹಳೆಯದನ್ನು ಅಳಿಸಲಿಲ್ಲ. ಒಂದು ಫ್ಲಾಪಿಗೆ ಹಾಕಿ, ಮೇಲೆ 'ಅಜ್ಜಿ' ಎಂದು ಬರೆದು ಡ್ರಾಯರಿನಲ್ಲಿಟ್ಟ. ಆಮೇಲೆ ಕೆಲಸ ಸರಸರ ಸಾಗಿತು. ಎರಡು ಚಿತ್ರಗಳು, ಒಂದಿಷ್ಟು ಸಾಲು ಕೋಡು, ಅಷ್ಟೇ. ಗೀಟುಗಳು ಒಂದಕ್ಕೊಂದು ತಾಗುವಂತೆ ಚೌಕಗಳನ್ನು ಹತ್ತಿರ ತರುವುದೇ ದೊಡ್ಡ ಕೆಲಸವಾಯಿತು. ಕಿಟಕಿ ಮುಚ್ಚಿದೆವು, ತೆರೆದೆವು, ಪಟ್ಟಿಯನ್ನು ಸರಿಸಿದೆವು, ಸ್ಪೇಸ್‌ಬಾರ್ ಒತ್ತಿದೆವು. ಯಾವ ಗೀಟೂ ತಾನಾಗಿ ಬರಲಿಲ್ಲ, ಬಂದದ್ದು ಹೋಗಲಿಲ್ಲ. ನಾವು ಮುಟ್ಟದೆ ಬಿಟ್ಟ ವಿಜೆಟ್ ಎಷ್ಟು ಸಾಧುವಾಗಿತ್ತು ಎಂದರೆ ನನಗೆ ಅದರ ಮೇಲೆ ಸ್ವಲ್ಪ ಮರುಕವೇ ಹುಟ್ಟಿತು.

ಅಷ್ಟರಲ್ಲಿ ನಾನು ಮನೆಗೆ ಹೊರಡುವ ಹೊತ್ತು. ವೈನಿಗೆ ಫೋನ್ ಮಾಡಿ, ಇವತ್ತು ಸಂಜೆ ಆಗಬಹುದು ಎಂದೆ. "ಆಗವಲ್ದ್ಯಾಕ," ಎಂದರು ಅವರು. "ನಿಮ್ಮ ಹುಡುಗಿ ಇಲ್ಲೇ ಚಪಾತಿ ತಿನ್ನಾಕತ್ತಾಳ. ಒಂದು ಸುತ್ತಿಗಿ ಇದ್ರ ನಿಮ್ಮ ಮನ್ಯಾಗ ಎಲ್ಲದ ಹೇಳ್ರಿ, ಕೆಲಸದಾಕಿ ಕೈಲೆ ತರಸ್ತೀನಿ."

ಒಲೆಕಟ್ಟೆಯ ಕೆಳಗೆ, ತೆಂಗಿನಕಾಯಿ ಬುಟ್ಟಿಯಲ್ಲಿ ಎಂದೆ. ಯಾಕೆ ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ.

ಸ್ಟೋರಿನಲ್ಲಿ ಸಿಸ್ಟರ್ ಕನ್ನಡಕವನ್ನು ನಿಲುವಂಗಿಯ ತೋಳಿಗೆ ಒರೆಸಿಕೊಂಡು ಸ್ಕ್ರೀನಿನ ಮುಂದೆ ಕೂತರು. ನಾನು ಮೊದಲೇ ಹೇಳಿಬಿಟ್ಟೆ: "ಸಿಸ್ಟರ್, ನೀವು ಕೇಳಿದ ಕತ್ತರಿ ಇದರಲ್ಲಿ ಇಲ್ಲ. ಆಗುತ್ತೆ ಅಂತ ಅವತ್ತು ತಿಳಿಯದೆ ಹೇಳಿದೆ. ಇಲ್ಲಿ ಎಡದ ಗೀಟು ಅವಳದು, ಬಲದ್ದು ನಿಮ್ಮದು. ನಿಮ್ಮದನ್ನು ನೀವೇ ಎಳೆಯಬೇಕು. ಬೇರೆ ಯಾವ ದಾರಿಯಿಂದಲೂ ಅದು ಬರೋದಿಲ್ಲ."

ಅವರು ಔಷಧಿ ತೆಗೆಯುವವಳನ್ನು ಕರೆದು ಪಟ್ಟಿಯೊಂದನ್ನು ಪೂರ್ತಿ ಮಾಡಿಸಿದರು. ಒಂಟಿ ಗೀಟುಗಳು ಸಾಲಾಗಿ ಒಂದೇ ಕಡೆಗೆ ವಾಲಿ ನಿಂತವು, ಗಾಳಿಗೆ ಬಾಗಿದ ಹುಲ್ಲಿನಂತೆ. ಪಟ್ಟಿಯನ್ನು ತಾವೇ ಮೇಲಕ್ಕೂ ಕೆಳಕ್ಕೂ ಸರಿಸಿದರು. ಸ್ಪೇಸ್‌ಬಾರನ್ನು ಬೇಕೆಂದೇ ನಾಲ್ಕಾರು ಸಲ ಕುಟ್ಟಿದರು. ಬೇರೆ ಕಿಟಕಿ ತೆರೆದು ಮುಚ್ಚಿದರು. ಆಮೇಲೆ ಎದ್ದು ಚಾಪೆಲ್‌ಗೆ ಹೋದರು. ನಾವಿಬ್ಬರೂ ಸ್ಕ್ರೀನಿನ ಮುಂದೆ ಪಹರೆಯವರಂತೆ ನಿಂತಿದ್ದೆವು. ಗೋಡೆಯ ಫ್ಯಾನಿನ ರೆಕ್ಕೆಗಳಲ್ಲಿ ಒಂದಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರು, ಅದು ಸುತ್ತುವಾಗ ಒಂದು ಬಿಳಿಯ ಬಳೆ ಕಾಣುತ್ತಿತ್ತು. ಸಹೋದ್ಯೋಗಿ ಉಗುರು ಕಚ್ಚುತ್ತಿದ್ದ.

ಸಿಸ್ಟರ್ ತಿರುಗಿ ಬಂದು ಪಟ್ಟಿ ನೋಡಿದರು. ಒಂಟಿ ಗೀಟುಗಳು ಒಂಟಿಯಾಗಿಯೇ ಇದ್ದವು. ಆಗ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು ಒಂದೊಂದೇ ಶೀಶೆ ಎತ್ತಿ, ಚೀಟಿ ಓದಿ, ತಮ್ಮ ಗೀಟು ಎಳೆಯತೊಡಗಿದರು. ನಾಲ್ಕು ಸಾಲು ಆದ ಮೇಲೆ ನಿಲ್ಲಿಸಿ ತಲೆ ಓರೆ ಮಾಡಿ ನೋಡಿದರು.

"ಎಂಥದ್ದು ಮಾರಾಯ್ತಿ ಇದು, ನಮ್ಮ ಊರಿನ ಹಂಚಿನ ಮಾಡಿನ ಹಾಗೆ ಉಂಟಲ್ಲ. ಕತ್ತರಿ ಕೇಳಿದರೆ ಮಾಡು ತಂದಿದ್ದೀರಿ."

ನಾನು ತಪ್ಪಿತಸ್ಥಳಂತೆ ನಿಂತಿದ್ದೆ.

"ಸೋರುದಿಲ್ಲ ಅಲ್ವಾ?"

"ಇಲ್ಲ ಸಿಸ್ಟರ್." ಈ ಸಲ ಯೋಚಿಸಿಯೇ ಹೇಳಿದೆ.

"ಆಯ್ತು ಹಾಗಾದರೆ," ಎಂದು ಅವರು ಐದನೆಯ ಶೀಶೆ ಎತ್ತಿಕೊಂಡರು. ಬುಟ್ಟಿ ಮುಗಿದ ಮೇಲೆ ಮ್ಯಾನೇಜರರಿಗೆ ಅವರೇ ಫೋನ್ ಮಾಡಿದರು. ಫೋನ್ ಇಡುವ ಮೊದಲು ನನ್ನ ಕಡೆ ತಿರುಗಿ, ಸೋಮವಾರ ಬರುವಾಗ ಆಪರೇಷನ್ ಥಿಯೇಟರಿನ ಪಟ್ಟಿಯ ವಿಷಯವೂ ಮಾತಾಡಬೇಕು, ಬೇಗ ಬನ್ನಿ ಎಂದರು. ಔಷಧಿ ತೆಗೆಯುವವಳು ಆಗಲೇ ಮುಂದಿನ ಬುಟ್ಟಿ ತೋರಿಸಿ, "ಸಿಸ್ಟರ್, ಇಸ್ಕಾ ಛಪ್ಪರ್ ಬಾಕಿ ಹೈ," ಎನ್ನುತ್ತಿದ್ದಳು. ಆ ಸ್ಟೋರಿನಲ್ಲಿ ಪರೀಕ್ಷೆಯಾಗದ ಬುಟ್ಟಿಗೆ ಬಳಿಕ ಅದೇ ಮಾತು ನಿಂತಿತು, ಛಪ್ಪರ್ ಬಾಕಿ, ಸೂರು ಹೊದಿಸುವುದು ಬಾಕಿ ಎಂದು.

ಆಫೀಸಿನಲ್ಲಿ ಮ್ಯಾನೇಜರರು ಹೆಚ್ಚು ಮಾತಾಡಲಿಲ್ಲ. ನನ್ನ ಅರ್ಧ ದಿನ ಅರ್ಧ ದಿನವಾಗಿಯೇ ಇರಲಿ ಎಂದರು. ಮತ್ತೆ ಚಹಾ ತರಿಸಿದರು. ಆ ದಿನ ಅದು ಬಿಸಿಯಾಗಿತ್ತೋ, ನಾನೇ ಬಿಸಿ ಇರುವಾಗ ಕುಡಿದೆನೋ ತಿಳಿಯದು.

ಸಂಜೆಯ ಗಾಡಿಯಲ್ಲಿ ಬೊರಿವಲಿಯವರೆಗೂ ನಿಂತೇ ಬಂದೆ. ಸ್ಟೇಷನ್ನಿನ ಹೊರಗೆ ಒಂದು ಮೊಳ ಮಲ್ಲಿಗೆ ಕೊಂಡು, ಅರ್ಧ ವೈನಿಗೆಂದು ಬೇರೆ ಎಲೆಯಲ್ಲಿ ಕಟ್ಟಿಸಿಕೊಂಡೆ. ಮೂರು ಮಹಡಿ ಹತ್ತಿ ಬಂದಾಗ ಅವರ ಬಾಗಿಲು ತೆರೆದೇ ಇತ್ತು. ಮಗಳು ನೆಲದ ಮೇಲೆ ಅಂಗಾತ ಮಲಗಿ ಓದುತ್ತಿದ್ದಳು, ಪುಸ್ತಕವನ್ನು ಆಕಾಶಕ್ಕೆ ಹಿಡಿದು. ಸುತ್ತಿಗೆ ಶೂ ಸ್ಟ್ಯಾಂಡಿನ ಮೇಲಿತ್ತು. ನಡೆದದ್ದನ್ನು ವೈನಿಗೆ ಹೇಳಬೇಕೆಂದುಕೊಂಡೆ. ಚೌಕ, ಗೀಟು ಎಂದು ಎಲ್ಲಿಂದ ಶುರು ಮಾಡುವುದೋ ತಿಳಿಯದೆ ಹೂವನ್ನಷ್ಟೇ ಕೈಗಿತ್ತೆ. ಅವರು ಅದನ್ನು ಮೂಸಿ, ಮುಡಿಗೆ ಸಿಕ್ಕಿಸಿಕೊಳ್ಳುತ್ತಲೇ ಬಾಗಿಲ ಹಿಂದೆ ಗದ್ದ ಚಾಚಿ ತೋರಿಸಿದರು. ಹಳೆಯ ಮೊಳೆಯ ಪಕ್ಕದಲ್ಲಿ ಹೊಸದೊಂದು ಮೊಳೆ, ಅದಕ್ಕೆ ನಮ್ಮ ಕೀಲಿಯೊಂದೇ ತೂಗುತ್ತಿತ್ತು.

"ನಿಮ್ಮದಕ್ಕ ಬ್ಯಾರೆ ಮೊಳಿ ಹೊಡದೀನ್ರಿ," ಎಂದರು. "ದಿನಾ ಹೋಗೋರು ನೀವು, ದಿನಾ ಆ ಗೊಂಚಲದಾಗ ಯಾರು ಹುಡುಕ್ತಾರ?"